ಹೀರೋ ಉಸಿರೆಳೆದುಕೊಳ್ಳುವಷ್ಟು ಹೊತ್ತು

ಅಗಲವಾದ ಸಿನಿಮಾವನ್ನು ಚೌಕದ ಟಿವಿಯೊಳಗೆ ತುರುಕುವುದು ಚಿಕ್ಕಮ್ಮನ ಕಸುಬು. ಥಿಯೇಟರಿನ ಪರದೆ ಹಾಸಿದ ಜಮಖಾನೆ ಇದ್ದ ಹಾಗೆ, ಮನೆಯ ಟಿವಿ ಸ್ಟೂಲಿದ್ದ ಹಾಗೆ. ಜಮಖಾನೆಯನ್ನು ಸ್ಟೂಲಿನ ಮೇಲೆ ಕೂರಿಸಬೇಕಾದರೆ ಒಂದೋ ಮಡಿಚಬೇಕು, ಇಲ್ಲ ಕತ್ತರಿಸಬೇಕು. ಚಿತ್ರವನ್ನು ಕುಗ್ಗಿಸಿದರೆ ಪೂರ್ತಿ ಹಿಡಿಸುತ್ತದೆ, ನಿಜ. ಆದರೆ ಟಿವಿಯ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಬೀಳುತ್ತದೆ. ಆ ಪಟ್ಟಿ ಕಂಡರೆ ಕ್ಯಾಸೆಟ್ ಅಂಗಡಿಯವರಿಗೆ ಮೈಯೆಲ್ಲ ಉರಿ. "ದುಡ್ಡು ಪೂರ್ತಿ ಇಸ್ಕೊಂಡು ಅರ್ಧ ಟಿವಿ ತೋರಿಸ್ತೀರಾ?" ಎಂದು ಗಿರಾಕಿಗಳು ಕ್ಯಾಸೆಟ್ಟನ್ನು ಮುಖಕ್ಕೆ ಎಸೆದು ಹೋಗುತ್ತಾರಂತೆ.

ಅದಕ್ಕೇ ಕತ್ತರಿ. ಚಿಕ್ಕಮ್ಮನ ಮೇಜಿನ ಮುಂದೆ ಪೂರ್ತಿ ಚಿತ್ರ ಓಡುತ್ತಿರುತ್ತದೆ, ಅದರ ಮೇಲೊಂದು ಬಿಳಿಗೆರೆಯ ಚೌಕ. ಗುಂಡಿ ತಿರುಗಿಸಿದರೆ ಚೌಕ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಒಳಗೆ ಬಿದ್ದವರು ಮನೆಮನೆಗೆ ಹೋಗುತ್ತಾರೆ. ಹೊರಗುಳಿದವರು ಹುಟ್ಟೇ ಇರಲಿಲ್ಲ ಅಂತ ಲೆಕ್ಕ. ಇಷ್ಟು ಮಾಡಿ ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಅಚ್ಚು ಹಾಕಿಸುವುದು "ಪೂರ್ಣ ಪರದೆ" ಎಂದು! ಅರ್ಧ ಕಿತ್ತುಕೊಂಡು ಅದಕ್ಕೆ ಪೂರ್ಣ ಎಂದು ಹೆಸರಿಡುವ ಚಾಳಿಯನ್ನು ಸಿನಿಮಾದವರೇ ಕಂಡುಹಿಡಿದರು ಅಂದುಕೊಳ್ಳಬೇಡಿ. ಅವರು ಕಲಿತದ್ದು ದೊಡ್ಡ ಗುರುಗಳ ಹತ್ತಿರ.

ಕೆಲಸಕ್ಕೆ ಸೇರಿದ ದಿನ ಯಜಮಾನ ಹೇಳಿಕೊಟ್ಟದ್ದು ಎರಡು ಮಾತು. ಮಾತಾಡುವವನು ಒಳಗಿರಬೇಕು. ಮುಖ ನಡುವೆ ಇರಬೇಕು. ಅಷ್ಟೇ ಈ ವಿದ್ಯೆಯ ಬುಡ ತುದಿ. ಚಿಕ್ಕಮ್ಮ ಅದನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾಡುವುದನ್ನು ಕಲಿತಳು. ಚೌಕ ಸರಿದದ್ದು ನೋಡುವವನ ಕಣ್ಣಿಗೆ ಗೊತ್ತೇ ಆಗದು. ಈಚೆಗೆ ಅವಳು ತೆರೆಯ ಕಡೆ ಪೂರ್ತಿ ನೋಡುತ್ತಲೂ ಇರಲಿಲ್ಲ. ಕಿವಿಗೆ ಮಾತು ಬಿದ್ದರೆ ಸಾಕು, ಕೈ ತಾನಾಗಿ ಮುಖ ಹುಡುಕಿಕೊಂಡು ಹೋಗಿ ನಡುವೆ ನಿಲ್ಲುತ್ತಿತ್ತು.

ಆ ಮೇಜಿಗೆ ಒಂದು ದಿನ ಗಿರಣಿಯ ಸಿನಿಮಾ ಬಂತು.

ಅದನ್ನು ತೆಗೆದದ್ದು ಅವಳದೇ ಬೀದಿಯ ಕೊನೆಯ ನೂಲಿನ ಗಿರಣಿಯಲ್ಲಿ. ಕೆಲಸ ಮಾಡುವ ಕಡೆ ಹತ್ತಿಯ ಧೂಳು ಎಳೆಯುವ ಫ್ಯಾನು ಹಾಕಿಸಿ ಎಂದು ಜನ ಕೇಳಿದರು, ಮುಷ್ಕರ ಹೂಡಿದರು. ಮಾಲೀಕ ಫ್ಯಾನಿನ ಬದಲು ಗೇಟಿಗೆ ಬೀಗ ಹಾಕಿಸಿದ. ಬೀಗ ಬಿದ್ದ ಮೇಲೆ ಸಿನಿಮಾದವರು ಬಂದು ಅಂಗಳ ಬಾಡಿಗೆಗೆ ಕೇಳಿದರು, ಮುಷ್ಕರದ ಕತೆ ಅಂತೆ. ಕೆಲಸಕ್ಕೆ ತೆರೆಯದ ಗೇಟು ನಾಟಕಕ್ಕೆ ತೆರೆಯಿತು. ಮುಷ್ಕರ ಹೂಡಿದವರನ್ನೇ ಕರೆದು ಒಂದು ಹೊತ್ತಿನ ಊಟಕ್ಕೆ ಮುಷ್ಕರ ಹೂಡಿದ ಹಾಗೆ ನಟಿಸಿ ಎಂದರು. ಅವರೂ ನಿಂತರು, ತೋಳಿಗೆ ತೋಳು ಸಿಕ್ಕಿಸಿ, ಇಡೀ ದಿನ ಬಿಸಿಲಲ್ಲಿ. ಆ ಸಾಲಿನಲ್ಲಿ ಚಿಕ್ಕಮ್ಮನ ಅಕ್ಕನೂ ಇದ್ದಳು. ಮಗುವನ್ನು ಮನೆಯಲ್ಲಿ ತಂಗಿಯ ಕೈಗೆ ಕೊಟ್ಟು ಹೋಗಿದ್ದಳು.

ಸಿನಿಮಾ ಥಿಯೇಟರಿಗೆ ಬಂದು ಒಂದು ವಾರಕ್ಕೇ ಎತ್ತಂಗಡಿಯಾಯಿತು. ಅಷ್ಟರಲ್ಲಿ ಅಕ್ಕನೂ ಹೊರಟುಹೋದಳು. ಎದೆಯಲ್ಲಿ ಧೂಳು ಗೂಡು ಕಟ್ಟಿತ್ತು. ಮಗು ತಂಗಿಯ ಕೈಯಲ್ಲೇ ಉಳಿಯಿತು.

ಆ ಮಗು ಈಗ ಎರಡು ಜಡೆಯ ಹುಡುಗಿ. ಅವಳ ಹತ್ತಿರ ಅಮ್ಮನದು ಅಂತ ಇರುವುದು ಗಿರಣಿಯ ಗುರುತಿನ ಚೀಟಿಯ ಫೋಟೋ ಒಂದೇ. ಪೊಲೀಸಿನವರು ಹಿಡಿದು ನಿಲ್ಲಿಸಿದಂಥ ಮುಖ.

"ಚಿಕ್ಕಮ್ಮ, ಅಮ್ಮ ಯಾವಾಗಲೂ ಹೀಗೇ ಗುಮ್ಮನ ಥರ ಇರ್ತಿದ್ಲಾ?"

"ಹುಚ್ಚಿ. ನಕ್ಕರೆ ಪಕ್ಕದ ಬೀದಿಗೆ ಕೇಳ್ತಿತ್ತು."

"ಹೆಂಗೆ ನಗ್ತಿದ್ಲು? ಮಾಡಿ ತೋರ್ಸು."

ಚಿಕ್ಕಮ್ಮ ಮಾಡಿ ತೋರಿಸಲು ಹೋಗುತ್ತಿದ್ದಳು, ಬರುತ್ತಿರಲಿಲ್ಲ. ಬೇರೆಯವರ ನಗೆ ಬೇರೆಯವರ ಚಪ್ಪಲಿಯ ಹಾಗೆ, ಕಾಲಿಗೆ ಕೂರುವುದಿಲ್ಲ. ಸಿನಿಮಾ ಮೇಜಿಗೆ ಬಂದ ಸಂಜೆ ಅವಳು ಹುಡುಗಿಗೆ ಮಾತು ಕೊಟ್ಟಳು. "ಮರೀ, ಕ್ಯಾಸೆಟ್ ಬರ್ಲಿ. ನಿಮ್ಮಮ್ಮನ ನಗು ನಮ್ಮನೆ ಟಿವಿಲೇ ನೋಡುವೆಯಂತೆ."

ಹುಡುಗಿ ಆ ರಾತ್ರಿಯಿಡೀ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಲೇ ಇದ್ದಳು.

ಅಕ್ಕ ಸಿಕ್ಕಿದ್ದು ಗೇಟಿನ ಮುಂದಿನ ಭಾಷಣದ ಕಡೆ. ಅಗಲದ ಚಿತ್ರದಲ್ಲಿ ದೊಡ್ಡದಾಗಿ ಮೂರು ಮುಖ. ಬಲಗಡೆ ಹೀರೋ, ಎಣ್ಣೆ ಹಚ್ಚಿ ಬೆವರು ಬರಿಸಿಕೊಂಡವನು, ಭಾಷಣ ಬಿಗಿಯುತ್ತಿದ್ದಾನೆ. ನಡುವಿಗಿಂತ ಸ್ವಲ್ಪ ಎಡಕ್ಕೆ ಅಕ್ಕ. ಎಡದ ಅಂಚಿಗೆ ಅಂಟಿಕೊಂಡ ಹಾಗೆ ಅಕ್ಕನ ತೋಳಿಗೆ ತೋಳು ಸಿಕ್ಕಿಸಿ ನಿಂತ ಸೈರನ್ನಕ್ಕ. ಗಿರಣಿಯ ಸೈರನ್ ಕೆಟ್ಟ ದಿನ ಇವಳೇ ಒಂದು ಕೂಗು ಹಾಕಿ ಪಾಳಿ ಬಿಡಿಸಿದಳು ಎಂದು ಬೀದಿಯವರು ಇಟ್ಟ ಹೆಸರು ಅದು. ಹೀರೋ ಮುಷ್ಟಿ ಎತ್ತುವ ಹೊತ್ತಿಗೆ ಸೈರನ್ನಕ್ಕ ತುಟಿಯಂಚಿನಲ್ಲಿ ಏನೋ ಪಿಸುಗುಡುತ್ತಾಳೆ. ಅಕ್ಕ ಅವಳ ಕಡೆ ತಿರುಗಿ ಗೊಳ್ಳೆಂದು ನಗುತ್ತಾಳೆ.

ಚಿಕ್ಕಮ್ಮನ ಕಣ್ಣು ಮಂಜಾಯಿತು. ಒರೆಸಿಕೊಂಡು, ರೀಲನ್ನು ಹಿಂದಕ್ಕೆ ಸುತ್ತಿ, ಬಿಳಿ ಚೌಕವನ್ನು ಹೀರೋನಿಂದ ಕಿತ್ತು ಎಡಕ್ಕೆ ಎಳೆದು, ಭಾಷಣ ಮುಗಿಯುವವರೆಗೂ ಸಾಲಿನ ಮೇಲೇ ನಿಲ್ಲಿಸಿದಳು.

ಸಂಜೆ ನೋಡಲು ಬಂದ ಯಜಮಾನ ಕುರ್ಚಿಯಿಂದ ಎದ್ದೇ ಬಿಟ್ಟ.

"ಏನಮ್ಮ ಇದು? ಹೀರೋ ಮಾತು ಕೇಳಿಸ್ತಿದೆ, ಹೀರೋ ಎಲ್ಲಿ? ಬೀಡಿ ಸೇದೋಕೆ ಹೋದ್ನಾ?"

"ಕೇಳ್ತಾ ಇರೋರನ್ನ ತೋರಿಸ್ತಿದೀನಿ ಸಾರ್."

"ಕೇಳ್ತಾ ಇರೋರ ಮೂತಿ ನೋಡೋಕೆ ಯಾರು ಕ್ಯಾಸೆಟ್ ತಗೋತಾರೆ?"

"ಮುಷ್ಕರ ಮಾಡಿದ್ದು ಅವರೇ ಅಲ್ವಾ ಸಾರ್. ಸಾಲು ಕತ್ತರಿಸಿದ್ರೆ ಹೀರೋಗೂ ಮಾಲೀಕನಿಗೂ ಏನೋ ಮನೆ ಜಗಳ ಅನ್ನೋ ಹಾಗೆ ಕಾಣುತ್ತೆ. ಇದೊಂದು ಕಡೆ ಪಟ್ಟಿ ಹಾಕಿ ಚಿತ್ರ ಪೂರ್ತಿ ಬಿಟ್ಟುಬಿಡೋಣ."

"ಪಟ್ಟಿ ಗಿಟ್ಟಿ ಅನ್ನೋ ಮಾತು ಈ ಬಾಗಿಲೊಳಗೆ ಬೇಡ. ಅಂಗಡಿಯವರು ನನ್ನ ಚರ್ಮ ಸುಲಿದು ಒಣಗಿಸ್ತಾರೆ."

ಚಿಕ್ಕಮ್ಮ ತಲೆ ತಗ್ಗಿಸಿದಳು. "ಸಾರ್, ಇವಳು ನನ್ನ ಅಕ್ಕ."

ಯಜಮಾನ ತೆರೆಯ ಹತ್ತಿರ ಬಗ್ಗಿ ನೋಡಿದ. "ಇದಾಳಾ?"

"ಇಲ್ಲ. ಮಗಳಿದಾಳೆ. ನಮ್ಮನೇಲೇ."

ಯಜಮಾನ ರಾಕ್ಷಸನೇನಲ್ಲ. ಅವನ ಮನೆಯಲ್ಲೂ ಹೆಣ್ಣುಮಕ್ಕಳಿದ್ದರು. ಗಲ್ಲ ಕೆರೆದುಕೊಂಡು, ಭಾಷಣವನ್ನು ಇನ್ನೊಮ್ಮೆ ಓಡಿಸಿ, ಒಂದು ಕಡೆ ಬೆರಳಿಟ್ಟ. "ಇಲ್ಲಿ ನೋಡು. ಮುಷ್ಟಿ ಎತ್ತಿದ ಮೇಲೆ ಹೀರೋ ಉಸಿರೆಳೆದುಕೊಳ್ತಾನೆ. ಅಷ್ಟು ಹೊತ್ತು ನಿಮ್ಮಕ್ಕನಿಗೆ. ಅವನು ಬಾಯಿ ತೆಗೆದ ತಕ್ಷಣ ವಾಪಸ್ ಬಂದುಬಿಡಬೇಕು. ಮಿಕ್ಕಿದ್ದೆಲ್ಲ ಯಾವತ್ತಿನ ಹಾಗೆ. ಆಯ್ತಾ?"

"ಆಯ್ತು ಸಾರ್. ದೊಡ್ಡ ಉಪಕಾರ ಆಯ್ತು."

ಉಪಕಾರ ಬರುವುದೇ ಹೀಗೆ, ಒಬ್ಬೊಬ್ಬರಿಗೆ. ಸಾಲಿಗೆ ಅಂತ ಬಂದದ್ದನ್ನು ಯಾರೂ ಕಂಡಿಲ್ಲ. ಒಬ್ಬರಿಗೆ ಬಂದ ಉಪಕಾರವನ್ನು ಒಬ್ಬರೇ ಗುಟ್ಟಾಗಿ ಮಡಿಲಲ್ಲಿ ಕಟ್ಟಿಕೊಂಡು ಹೋಗಬೇಕು, ಅಕ್ಕಪಕ್ಕ ನೋಡಬಾರದು. ಚಿಕ್ಕಮ್ಮ ಅಕ್ಕಪಕ್ಕ ನೋಡಲಿಲ್ಲ. ಹೀರೋ ಉಸಿರೆಳೆದುಕೊಂಡ. ಅವಳ ಕೈ ಗುಂಡಿ ತಿರುಗಿಸಿತು. ಚೌಕ ನುಣ್ಣಗೆ ಸರಿದು ಅಕ್ಕನ ಮುಖವನ್ನು ಸರಿಯಾಗಿ ನಡುವೆ ಕೂರಿಸಿ ನಿಂತಿತು. ಹೀರೋ ಬಾಯಿ ತೆಗೆದ. ಚೌಕ ಅವನ ಹತ್ತಿರ ಓಡಿತು. ಇದಕ್ಕೆ ಮುಂಚಿನ, ಆಮೇಲಿನ ರೀಲುಗಳಲ್ಲೆಲ್ಲ ಬೀದಿಯ ಬಾಯ್ಲರ್ ಮಾವ, ಮೂಲೆಮನೆಯ ಅವಳಿ ಅಣ್ಣತಮ್ಮಂದಿರು, ಸೈರನ್ನಕ್ಕ, ಎಲ್ಲರೂ ಯಾವತ್ತಿನ ಹಾಗೆ ಬಿಳಿಗೆರೆಯ ಆಚೆ ಬಿದ್ದುಹೋದರು. ಅವಳಿಗೆ ಅದು ತಿಳಿಯಲೂ ಇಲ್ಲ. ಮನಸ್ಸಿನ ತುಂಬ ಹುಡುಗಿಯ ಮುಖ ಇತ್ತು.

ಕ್ಯಾಸೆಟ್ ಅಂಗಡಿಗಳಿಗೆ ಹೋಯಿತು, ಪ್ರಿಂಟು ಬಂದ ದಾರಿಯಲ್ಲಿ ವಾಪಸ್ಸು ಹೋಯಿತು. ರಜೆಯ ದಿನ ಮಧ್ಯಾಹ್ನ ಚಿಕ್ಕಮ್ಮ ಒಂದು ಕ್ಯಾಸೆಟ್ ಮನೆಗೆ ತಂದಳು. ಹುಡುಗಿಯ ಬಾಯಲ್ಲಿ ಗುಟ್ಟು ನಿಂತೀತೇ? ಬಾಗಿಲು ತೆಗೆದರೆ ಅರ್ಧ ಬೀದಿ ಒಳಗೆ ಬಂತು. ಬಾಯ್ಲರ್ ಮಾವ ಕ್ಷೌರ ಮಾಡಿಸಿಕೊಂಡು ಬಂದಿದ್ದ.

"ಟಿವಿ ನೋಡೋಕೆ ಕ್ಷೌರ ಯಾಕೆ ಮಾವ?"

"ನಾನು ನೋಡೋಕಲ್ಲವ್ವ, ಅದು ನನ್ನ ನೋಡುತ್ತಲ್ಲ!"

ಸೈರನ್ನಕ್ಕ ಟಿವಿಯ ಎದುರಿಗೇ ಕೂತು ಹುಡುಗಿಯನ್ನು ತೊಡೆಗೆ ಎಳೆದುಕೊಂಡಳು. ಚಿಕ್ಕಮ್ಮ ಕೆಲಸದಿಂದ ಬರುವವರೆಗೆ ಹುಡುಗಿಗೆ ತಲೆ ಬಾಚಿ, ಬೈದು, ಉಣ್ಣಿಸಿ ಇಟ್ಟುಕೊಳ್ಳುವವಳು ಅವಳೇ.

ಸಿನಿಮಾ ಶುರುವಾಯಿತು. ಗೇಟು ಕಂಡಿತು. "ಇಗೋ, ಇಲ್ಲಿ ನಾನು!" ಎಂದ ಬಾಯ್ಲರ್ ಮಾವ. ಹೀರೋ ಬಂದ, ಮಾವ ಬರಲಿಲ್ಲ. "ಈಗ ಬರ್ತೀನಿ ತಾಳಿ." ಮಾಲೀಕನ ಪಾತ್ರದವನು ಬಂದ, ಹೀರೋ ಬಂದ, ಮತ್ತೆ ಮಾಲೀಕ ಬಂದ. ಮಾವ ತಾಳಿ ತಾಳಿ ಎನ್ನುವುದನ್ನು ನಿಲ್ಲಿಸಿದ. ಅವಳಿ ತಮ್ಮ, "ಇಷ್ಟೊಂದು ಜನ ಇದ್ವಲ್ಲೋ, ಎಲ್ಲಿ ಹೋದ್ವಿ?" ಎಂದ. ಅವಳಿ ಅಣ್ಣ, "ಊಟಕ್ಕೆ ಹೋಗಿರ್ಬೇಕು" ಎಂದ. ನಕ್ಕರು. ಆಮೇಲೆ ನಗಲಿಲ್ಲ. ಬಿಸಿಲಲ್ಲಿ ನಿಂತಿದ್ದ ಆ ಇಡೀ ಸಾಲು ಒಂದು ಭುಜವಾಗಿ, ಒಂದು ಕಿವಿಯಾಗಿ, ಹೀರೋನ ಬೆನ್ನ ಹಿಂದೆ ಮಸುಕಾಗಿ ಸರಿದುಹೋಗುತ್ತಿತ್ತು. ನಿಜವಾದ ಮುಷ್ಕರವನ್ನು ಮಾಲೀಕ ಮುರಿದಿದ್ದ. ನಾಟಕದ ಮುಷ್ಕರವನ್ನು ಮುರಿದವಳು ಬಾಗಿಲ ಬಳಿ ಸೆರಗಿನ ತುದಿ ತಿರುಚುತ್ತ ನಿಂತಿದ್ದಳು.

ಭಾಷಣ ಬಂತು. ಹೀರೋ ಮುಷ್ಟಿ ಎತ್ತಿದ, ಉಸಿರೆಳೆದುಕೊಂಡ.

ಅಕ್ಕ ಬಂದಳು. ಟಿವಿಯ ನಟ್ಟನಡುವೆ, ಒಬ್ಬಳೇ, ಒಬ್ಬ ತಾರೆಯ ಹಾಗೆ. ತಿರುಗಿದಳು, ಗೊಳ್ಳೆಂದು ನಕ್ಕಳು, ಹೋದಳು.

"ಅಮ್ಮ!" ಎಂದಳು ಹುಡುಗಿ. ಎದ್ದು ಹೋಗಿ ತಾನೇ ಟೇಪು ಹಿಂದಕ್ಕೆ ಸುತ್ತಿದಳು. ಅಕ್ಕ ಮತ್ತೆ ನಕ್ಕಳು.

"ಚಿಕ್ಕಮ್ಮ, ಅಮ್ಮ ಯಾರನ್ನ ನೋಡಿ ನಗ್ತಿದಾಳೆ?"

ಟೇಪು ಮತ್ತೆ ಹಿಂದಕ್ಕೆ ಹೋಯಿತು. ಈ ಸಲ ಸೈರನ್ನಕ್ಕ ಮುಂದಕ್ಕೆ ಬಗ್ಗಿ, ಟಿವಿಯ ಎಡಗಡೆಯ ಅಂಚಿಗೆ ಬೆರಳಿಟ್ಟಳು. ಅಕ್ಕನ ತೋಳಿನೊಳಗೆ ಸಿಕ್ಕಿಕೊಂಡ, ಹಬೆ ಸುಟ್ಟ ಕಲೆಯ ಒಂದು ಮೊಣಕೈ ಅಲ್ಲಿತ್ತು. ಮೊಣಕೈಯಿಂದಾಚೆ ಕಪ್ಪು ಪ್ಲಾಸ್ಟಿಕ್ಕು.

"ಅದು ನಾನು ಕಣೇ" ಎಂದಳು ಸೈರನ್ನಕ್ಕ. "ನನ್ನ ಮೊಣಕೈ. ಪರವಾಗಿಲ್ಲ, ಚೆನ್ನಾಗಿ ನಟಿಸಿದೆ."

ಒಬ್ಬಿಬ್ಬರು ನಕ್ಕರು. ಅವಳು ನಗಲಿಲ್ಲ. ಚಿಕ್ಕಮ್ಮನ ಕಡೆ ತಿರುಗಿದಳು. "ಇದನ್ನ ಕತ್ತರಿಸೋದು ನಿನ್ನ ಕೆಲಸ ಅಲ್ವಾ?"

"ಹೂಂ."

"ಆ ಪೆಟ್ಟಿಗೇಲಿ ನನಗೆ ಜಾಗ ಇರ್ಲಿಲ್ವಾ?"

ಇರಲಿಲ್ಲ ಎನ್ನಬಹುದಿತ್ತು. ಹೇಳಿದ್ದರೆ ನಂಬುತ್ತಿದ್ದರು. ಯಾರಿಗೆ ಗೊತ್ತಾಗುತ್ತದೆ ಚೌಕದ ಅಳತೆ? ಆದರೆ ಚಿಕ್ಕಮ್ಮನ ಕಣ್ಣ ಮುಂದೆ ಅಗಲದ ಚಿತ್ರ ಬಂದು ನಿಂತಿತು. ಅಕ್ಕನನ್ನು ನಡುವೆ ನಿಲ್ಲಿಸದೆ, ಗುಂಡಿಯನ್ನು ಇನ್ನೊಂದು ಕೂದಲೆಳೆ ತಿರುಗಿಸಿ ಎಡದ ಕೊನೆಗೆ ಮುಟ್ಟಿಸಿದ್ದರೆ ಇಬ್ಬರೂ ಬರುತ್ತಿದ್ದರು. ಪಿಸುಗುಟ್ಟಿದವಳೂ, ನಕ್ಕವಳೂ. ಯಜಮಾನ ಬೇಡ ಎಂದಿರಲಿಲ್ಲ. ಅವನಿಗೆ ಅದು ಗೊತ್ತೂ ಇರಲಿಲ್ಲ.

"ಇತ್ತು" ಎಂದಳು. "ಒಂದು ಚೂರು ಸರಿಸಿದ್ರೆ ನೀನೂ ಬರ್ತಿದ್ದೆ. ಅಭ್ಯಾಸ ಅಕ್ಕ... ಕೈ ತಾನಾಗೇ ನಡುವೆ ನಿಂತುಬಿಡ್ತು."

"ತಾನಾಗೇ." ಸೈರನ್ನಕ್ಕ ಹುಡುಗಿಯನ್ನು ಪಕ್ಕಕ್ಕೆ ಸರಿಸಿ ಎದ್ದಳು. ಅವಳ ದನಿ ಎಂದೂ ಅಷ್ಟು ತಗ್ಗಿದ್ದಿಲ್ಲ. "ಮಾಲೀಕನೂ ಹಂಗೇ ಅಂದಿದ್ದ. ಬೀಗ ತಾನಾಗೇ ಬಿತ್ತು ಅಂತ."

"ಅಕ್ಕ, ಬೈಯಿ ಬೇಕಾದ್ರೆ. ಕೂತ್ಕೋ."

"ಬೈಯೋಕೇನಿದೆ? ನಿನ್ನ ಅಕ್ಕ ನಿನಗೆ ಸಿಕ್ಕಿದ್ಲಲ್ಲ. ಸಾಲು ಯಾರಪ್ಪನದು?"

ಹುಡುಗಿ ಅವಳ ಸೆರಗು ಹಿಡಿದಳು. "ದೊಡ್ಡಮ್ಮ, ನೀನು ಅಮ್ಮನಿಗೆ ಏನು ಹೇಳ್ದೆ? ಅಷ್ಟು ನಗೋ ಹಾಗೆ?"

ಸೈರನ್ನಕ್ಕ ಹುಡುಗಿಯ ತಲೆಯ ಮೇಲೆ ಕೈಯಿಟ್ಟಳು. ಯಾರು ಯಾವ ಪಾಳಿಯಲ್ಲಿ ಯಾರಿಗೆ ಏನಂದರು ಎಂಬುದನ್ನು ಇವತ್ತಿಗೂ ಒಪ್ಪಿಸಬಲ್ಲ ಹೆಂಗಸು. "ಮರೆತುಹೋಯ್ತು ಮಗ" ಎಂದು ಸೆರಗು ಬಿಡಿಸಿಕೊಂಡು ಹೊರಟುಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಬಾಯ್ಲರ್ ಮಾವ ಬಾಗಿಲಲ್ಲಿ ಗಲ್ಲ ಸವರಿಕೊಂಡು, "ಹೋಗ್ಲಿ ಬಿಡವ್ವ, ಹೆಂಗೂ ಗಡ್ಡ ಬೆಳೆದಿತ್ತು" ಎಂದ. ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಸೈರನ್ನಕ್ಕನ ಮನೆಯ ಬಾಗಿಲು ಹಾಕಿತ್ತು. ಅದರ ಮಾರನೆಯ ದಿನವೂ ಹಾಕಿತ್ತು. ಒಳಗಿನಿಂದ ಪಾತ್ರೆಯ ಸದ್ದು ಕೇಳಿಸುತ್ತಿತ್ತಂತೆ. ಹುಡುಗಿ ತನ್ನ ಮನೆಗೇ ಬಂದು ಬೀಗ ತೆಗೆದು ಒಬ್ಬಳೇ ಇರುವುದನ್ನು ಕಲಿತಳು.

ಒಂದು ಸಂಜೆ ಚಿಕ್ಕಮ್ಮ ಕೆಲಸ ಮುಗಿಸಿ ಬಂದಾಗ ಟಿವಿ ಓಡುತ್ತಿತ್ತು, ಎದುರಿಗೆ ಯಾರೂ ಇರಲಿಲ್ಲ. ಹುಡುಗಿ ಟಿವಿಯ ಎಡ ಪಕ್ಕದಲ್ಲಿ, ಗೋಡೆಗೂ ಟಿವಿ ಇಟ್ಟ ಸ್ಟೂಲಿಗೂ ನಡುವಿನ ಇಕ್ಕಟ್ಟಿನಲ್ಲಿ, ಮೊಣಕಾಲು ಮಡಿಚಿ ಕೂತಿದ್ದಳು. ಅಲ್ಲಿಂದ ತೆರೆ ಕಾಣುವುದಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಅಮ್ಮ ತಿರುಗಿ ನೋಡುವುದು ಆ ಕಡೆಗೆ.

"ಅಲ್ಯಾಕೆ ಕೂತೆ ಮರೀ? ಅಲ್ಲಿಂದ ಏನು ಕಾಣುತ್ತೆ?"

"ಶ್..." ಎಂದಳು ಹುಡುಗಿ. ಟಿವಿಯೊಳಗೆ ಹೀರೋ ಮುಷ್ಟಿ ಎತ್ತಿದ. ಹುಡುಗಿ ತನ್ನ ಬರಿಯ ಮೊಣಕೈಯನ್ನು ಟಿವಿಯ ಪಕ್ಕೆಗೆ ಒತ್ತಿ ಹಿಡಿದಳು. "ಚಿಕ್ಕಮ್ಮ, ನೋಡಿ ಹೇಳು. ಈಗ ನಗ್ತಿದಾಳಾ?"

ಚೀಲ ಕೆಳಗಿಡುವುದನ್ನೂ ಮರೆತು ಚಿಕ್ಕಮ್ಮ ನಿಂತಲ್ಲೇ ನಿಂತು ನೋಡಿದಳು.

"ಹೂಂ" ಎಂದಳು. "ನಗ್ತಿದಾಳೆ."

ಹೀರೋ ಬಾಯಿ ತೆಗೆದ.