ಅಮಾವಾಸ್ಯೆಯ ಅಪ್‌ಡೇಟು

ಸಿರುಗುಪ್ಪದ ಅಕ್ಕಿ ಗಿರಣಿಗಳ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಇಂದಿನ ಮಧ್ಯಾಹ್ನ ಎರಡು ಗಂಟೆ ಏಳು ನಿಮಿಷಕ್ಕೆ ಒಂದು ಪೂರ್ತಿ ಅಧ್ಯಾಯ ಮೀಸಲಿಡತಕ್ಕದ್ದು, ಏಕೆಂದರೆ ಆ ಗಳಿಗೆಯಲ್ಲಿ ನಮ್ಮ ತೂಕದ ಕೋಣೆಯ ಕರಿ ಪರದೆಯ ಎಡಮೂಲೆಯಲ್ಲಿ ಒಂದು ಬಿಳಿ ಗೆರೆ ಮಿನುಗತೊಡಗಿತು, ಅಕ್ಕಿಕಾಳಿನಷ್ಟೂ ಉದ್ದವಿಲ್ಲದ ಗೆರೆ, ಗ್ರಬ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳ ಪಕ್ಕದಲ್ಲಿ ನಿಂತು ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ, ಈಗ ಮೂರು ಗಂಟೆ, ಇನ್ನೂ ಅದೇ ಕೆಲಸ, ಮುಂದೇನು ಹೇಳು ಎಂದು ನನ್ನನ್ನೇ ಕೇಳುವ ಹಾಗೆ — ನಾನೇನು ಹೇಳಲಿ, ನಿನ್ನ ತಲೆ ಹೇಳಲಿ, ಉತ್ತರ ಕೊಡಬೇಕಾದವನು ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತಿದ್ದಾನೆ, ಎರ್ರೆಪ್ಪ ತಾತ, ಇಪ್ಪತ್ತಾರು ವರ್ಷದಿಂದ ಈ ಗಿರಣಿಯ ಅಮಾವಾಸ್ಯೆ ಪೂಜೆಯನ್ನೂ ಮೇನ್ ಸ್ವಿಚ್ಚಿನ ಅಧಿಕಾರವನ್ನೂ ಒಟ್ಟಿಗೆ ನಿಭಾಯಿಸಿಕೊಂಡು ಬಂದ ಮಹಾನುಭಾವ, ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು, ತನ್ನೂರು ಕುರುಗೋಡಿನ ಬಸ್ಸಿಗೆ ಕಾಯುವವನ ಹಾಗೆ ಕೂತಿದ್ದಾನೆ, ಕೂರಲಿ, ಚೆನ್ನಾಗಿ ಕೂರಲಿ.

ಓಡುವ ಯಂತ್ರಕ್ಕೆ ಕುಂಕುಮ ಹಚ್ಚಬಾರದಂತೆ, ಮಲಗಿಸಿ ಹಚ್ಚಬೇಕಂತೆ, ಇದು ನಮ್ಮ ಧಣಿ ಚಿದಾನಂದಪ್ಪನವರ ತಂದೆ ಹಾಕಿಕೊಟ್ಟ ಕಟ್ಟಳೆ, ಅವರ ಕಾಲದಲ್ಲಿ ಇದ್ದದ್ದು ಒಂದು ಎಂಜಿನ್ನು, ಒಂದು ಬೆಲ್ಟು, ಈಗ ಪ್ರತಿ ಅಮಾವಾಸ್ಯೆ ಪಾಲಿಶ್ ಯಂತ್ರ, ಬಾಯ್ಲರು, ಲಾರಿ ತೂಗುವ ಕಾಟಾ, ಅದರ ಕಂಪ್ಯೂಟರು, ನೀರಿನ ಕೂಲರು, ಎಲ್ಲವೂ ಮಲಗಬೇಕು, ಎರ್ರೆಪ್ಪ ಮೇನ್ ಎಳೆಯಬೇಕು, ಬೂದುಗುಂಬಳ ಒಡೆಯಬೇಕು, ಮತ್ತೆ ಎಬ್ಬಿಸಿ ಅದೇ ದಿನ ಒಂದು ಬೋಣಿ ತೂಕ ಆಗಲೇಬೇಕು, ಇವತ್ತು ಭಾನುವಾರ, ನಾಲ್ಕೂವರೆಗೆ ರಾಹುಕಾಲ, ಅದರೊಳಗೆ. ನನ್ನ ಬುದ್ಧಿವಂತಿಕೆ ನೋಡು, ಗಿರಣಿ ನಿಂತಿರುತ್ತದೆ, ಲಾರಿ ಟ್ರ್ಯಾಕ್ಟರ್ ಇರುವುದಿಲ್ಲ, ಎರಡು ತಿಂಗಳಿಂದ ಬಾಕಿ ಬಿದ್ದ, ಕಾಟಾ ಕಂಪ್ಯೂಟರಿನ ಕರ್ನೆಲ್ ಅಪ್‌ಡೇಟು ಮಾಡಲು ಇದಕ್ಕಿಂತ ಪ್ರಶಸ್ತ ದಿನ ಪಂಚಾಂಗದಲ್ಲೂ ಸಿಗದು, ತಾತ ಮೇನ್ ಎಳೆಯುವುದರೊಳಗೆ ಮುಗಿಸಿಬಿಡುತ್ತೇನೆ ಎಂದುಕೊಂಡೆ, ಕರ್ನೆಲ್ ಎಂದರೆ ಯಂತ್ರದ ಒಳಗಿನ ಮೇಸ್ತ್ರಿ ಧಣಿ, ಗ್ರಬ್ ಎಂದರೆ ದಿನಾ ಬೆಳಿಗ್ಗೆ ಆ ಮೇಸ್ತ್ರಿಯನ್ನು ಎಬ್ಬಿಸಿ ಕರೆತರುವ ಆಳು, ಮೇಸ್ತ್ರಿಯನ್ನು ಆಗಾಗ ಬದಲಿಸುತ್ತಿರಬೇಕು ಎಂದು ಎರಡು ವರ್ಷದ ಹಿಂದೆಯೇ ಅವರಿಗೆ ವಿವರಿಸಿದ್ದೆ, ಪಗಾರ ಎಷ್ಟವ್ವ ಆ ಮೇಸ್ತ್ರಿಗೆ ಎಂದರು, ಇಲ್ಲ ಧಣಿ ಪುಕ್ಕಟೆ ಎಂದೆ, ಪುಕ್ಕಟೆ ಮೇಸ್ತ್ರಿ ಒಂದಿನ ಕೈ ಕೊಡ್ತಾನ ನೋಡು ಶಶಿರೇಖಾ, ಬರದಿಟ್ಕ. ಬರೆದಿಟ್ಟುಕೊಂಡಿರಲಿಲ್ಲ. ಹೊಸ ಮೇಸ್ತ್ರಿ ಅರ್ಧ ಒಳಗೆ ಬಂದಿದ್ದ, ಇನ್ನರ್ಧ ಹೊಸ್ತಿಲಲ್ಲಿದ್ದ, ಅಷ್ಟರಲ್ಲಿ ಕರೆಂಟು ಹೋಯಿತು, ಯುಪಿಎಸ್ಸಿನ ಬ್ಯಾಟರಿ ಹೋದ ಬೇಸಿಗೆಯಲ್ಲೇ ಉಬ್ಬಿ ಸತ್ತಿದೆ, ಧಣಿಗೆ ಮೂರು ಸಲ ಹೇಳಿದೆ, ಅಂದಿನಿಂದ ಅದು ದೇವರ ಫೋಟೊಗೆ ಪೀಠವಾಗಿ ಸೇವೆ ಸಲ್ಲಿಸುತ್ತಿದೆ, ಈಗಲೂ ಅದರ ಮೇಲೆ ಊದುಬತ್ತಿ ಉರಿಯುತ್ತಿದೆ, ಬೂದಿ ನನ್ನ ಕೀಬೋರ್ಡಿನ ಮೇಲೆ ಬೀಳುತ್ತಿದೆ.

ಮೇನ್ ಎಳೆಯುವ ಮುಂಚೆ ಎರ್ರೆಪ್ಪ ನನ್ನನ್ನು ಕೇಳಲಿಲ್ಲ, ಅದೇ ನನ್ನ ಸಿಟ್ಟು, ಒಂದು ಮಾತು ಕೇಳಿದ್ದರೆ ಆತನ ಗಂಟೇನು ಹೋಗುತ್ತಿತ್ತು, ಕಿಟಕಿಯಾಚೆ ಕೈಗೆಟುಕುವಷ್ಟು ದೂರದಲ್ಲಿ ಮೇನ್ ಬೋರ್ಡು, ಒಂದು ಕೂಗು ಸಾಕಿತ್ತು — ಧಣಿ ಬಂದು ಏನವ್ವ ಇದು ಕರಿ ಪರದೆ, ಸಿನಿಮಾ ಮುಗೀತೇನು ಎಂದಾಗ ನಾನೂ ಹಾಗೇ ಅಂದೆ, ಅಂಗಳದಲ್ಲಿ ಎಲ್ಲರೂ ಕುಂಬಳದ ಹೋಳು ದಾಟಿಕೊಂಡು ನಿಂತಿದ್ದರು, ಎಲ್ಲರಿಗೂ ಕೇಳುವ ಹಾಗೆ, ಎರ್ರೆಪ್ಪ ತಾತ ನನ್ನ ಕೇಳ್ಲಿಲ್ಲ ಬಿಡ್ಲಿಲ್ಲ ಮೇನ್ ತಗದುಬಿಟ್ರು ಧಣಿ, ಹಿಂಗ ಮಾಡಿದ್ರ ಯಾವ ಮಶಿನ್ ಉಳದೀತು. ಧಣಿ ತಿರುಗಿ, ಹೌದೇನೋ ಎರ್ರೆಪ್ಪ, ಕೇಳ್ಲಿಲ್ಲೇನು ಆ ಹುಡುಗೀನ? ತಾತ ನನ್ನ ಕಡೆ ನೋಡಿದ, ಒಂದು ಉಸಿರಿನಷ್ಟು ಹೊತ್ತು, ಆಮೇಲೆ ತನ್ನ ಕೈ ನೋಡಿಕೊಂಡ, ಅರಿಶಿನ ಮೆತ್ತಿದ ಕೈ. ತಪ್ಪು ಮಾಡಿದವರು ಹಾಗೆಯೇ, ನೆಲ ನೋಡುತ್ತಾರೆ, ಕೈ ನೋಡುತ್ತಾರೆ. ಹೊರಗ ಕುಂದ್ರು, ಎಂದರು ಧಣಿ, ಬೋಣಿ ತೂಕದೊಳಗ ಮಶಿನ್ ಎದ್ರ ಬ್ಯಾರೆ ಮಾತು, ಇಲ್ಲಂದ್ರ ಕೀಲಿ ಇಟ್ಟು ಊರಿಗೆ ಹೋಗು, ವಯಸ್ಸಾತು ನಿನಗ. ಇಪ್ಪತ್ತಾರು ವರ್ಷಕ್ಕೆ ಒಂದೂವರೆ ವಾಕ್ಯ. ಸ್ವಲ್ಪ ಹೆಚ್ಚಾಯಿತು ಅನ್ನಿಸಿತು, ಅನ್ನಿಸಿದ್ದನ್ನು ತಕ್ಷಣ ನುಂಗಿದೆ, ಕೇಳಿದ್ದರೆ ಆಗುತ್ತಿತ್ತಲ್ಲ.

ಬಳ್ಳಾರಿಯಿಂದ ವಿಜಯಲಕ್ಷ್ಮಿ ಫೋನಿನಲ್ಲಿ, ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚು, ಈಗ ಪಾಲಿಟೆಕ್ನಿಕ್ಕಿನಲ್ಲಿ ಮಕ್ಕಳಿಗೆ ಇದನ್ನೇ ಪಾಠ ಮಾಡುತ್ತಾಳೆ, ನಗುತ್ತಾಳೆ ಬೇರೆ, ಏನೇ ಶಶಿ, ಮಧ್ಯಾಹ್ನ ವಾಯ್ಸ್ ಮೆಸೇಜ್ ಕಳಿಸಿ ಅಷ್ಟು ಕೊಚ್ಚಿಕೊಂಡಿದ್ದಿ, ಈಗ ಅಳಾಕತ್ತೀ? ಅಳುತ್ತಿಲ್ಲ, ಪೆನ್‌ಡ್ರೈವ್ ಐತಿ ಹೇಳು ಮುಂದ. ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸುವುದು, ಬಾಡಿಗೆ ಮೇಸ್ತ್ರಿಯನ್ನು ಕರೆಸಿದ ಹಾಗೆ, ಆತನ ಕೈಲಿ ಡಿಸ್ಕಿನ ಬಾಗಿಲು ತೆಗೆಸಿ ಒಳಗೆ ಹೋಗುವುದು, ಅರ್ಧ ಕೂತ ಕರ್ನೆಲನ್ನು ಪೂರ್ತಿ ಕೂರಿಸುವುದು, ಗ್ರಬ್ಬಿಗೆ ಹೊಸ ವಿಳಾಸ ಬರೆದುಕೊಡುವುದು, ಎಲ್ಲ ಮಾಡಿದೆ, ಬೆರಳು ನೋವು ಬರುವಷ್ಟು ಟೈಪು ಮಾಡಿದೆ, ಹೊಸದಾಗಿ ಚಾಲೂ ಮಾಡಿದೆ, ಕರಿ ಪರದೆ, ಎಡಮೂಲೆ, ಗೆರೆ, ಹತ್ತುತ್ತದೆ, ಆರುತ್ತದೆ. ಹೊರಗಿನಿಂದ ಕೆಂಚನಗುಡ್ಡದ ಚಿನ್ನಪ್ಪ, ಬೋಣಿಯ ಭತ್ತ ತಂದವನು, ಟ್ರ್ಯಾಕ್ಟರಿನ ಸೀಟಿನಿಂದಲೇ, ಏನ್ ಮೇಡಮ್ಮಾ, ನಿಮ್ಮ ಬೋರ್ಡು ಉಪಾಸ ಐತೇನು ಇವತ್ತು, ಅಂಕಿ ಒಂದೂ ತಿನ್ನವಲ್ದು! ಆ ಬೋರ್ಡು ನಾನು ಹಟ ಹಿಡಿದು ಹಾಕಿಸಿದ್ದು, ಕೆಂಪು ಅಂಕಿಯ ಬೋರ್ಡು, ತೂಕ ಒಳಗೆ ನನಗೆ ಕಾಣುವ ಗಳಿಗೆಗೇ ಹೊರಗೆ ರೈತನಿಗೂ ಕಾಣಬೇಕು ಎಂದು, ಅದಕ್ಕೆ ಮೊದಲು ಧಣಿಯ ಅಕ್ಕನ ಮಗ ವಿರೂಪಾಕ್ಷಿ ಒಳಗೆ ಕೂತು ಬಾಯಲ್ಲಿ ಹೇಳಿದ್ದೇ ತೂಕ, ಈಗ ಅವನು ಬಾಗಿಲಲ್ಲಿ ನಿಂತು ಅಂಕಿ ಒಳಗೆ ಕೂತವನಿಗಷ್ಟೇ ಕಾಣುವ ಆ ಹಳೆಯ ತೂಕದ ಡಬ್ಬಿಯ ಧೂಳು ಒರೆಸುತ್ತಿದ್ದಾನೆ, ಮದುವೆಗೆ ಹೊರಟವನ ಹಾಗೆ ಒರೆಸುತ್ತಿದ್ದಾನೆ, ಅರ್ಜಂಟಿಲ್ಲ ಮೇಡಮ್, ನೀವು ಆರಾಮ ಮಾಡ್ರಿ, ನಮ್ದು ರೆಡಿ ಐತಿ. ಅವನ ಹಲ್ಲು. ಅಷ್ಟು ಹಲ್ಲು ಒಬ್ಬ ಮನುಷ್ಯನಿಗೆ ಏಕೆ ಬೇಕು.

ಮೂರು ನಲವತ್ತು, ಮತ್ತೆ ಪೆನ್‌ಡ್ರೈವು, ಮತ್ತೆ ಒಳಗೆ, ಬೂಟ್‌ನ ಪಾರ್ಟಿಷನ್ ಬ್ಯಾರೆ ಐತಲ್ಲೇ, ಅದನ್ನ ಮೌಂಟ್ ಮಾಡಿದ್ಯೇನು ಎನ್ನುತ್ತಾಳೆ ವಿಜಿ, ಮಾಡಿರಲಿಲ್ಲ, ಡಿಸ್ಕಿನೊಳಗೆ ಕರ್ನೆಲ್ ಇರುವ ಆ ಬೇರೆ ಕೋಣೆಯ ಬಾಗಿಲನ್ನೇ ತೆರೆದಿರಲಿಲ್ಲ, ಅಂದರೆ ಅರ್ಧ ಗಂಟೆ ನಾನು ಬೀಗ ಹಾಕಿದ ಕೋಣೆಯ ಹೊರಗೋಡೆಗೆ ಸುಣ್ಣ ಬಳಿದಿದ್ದೇನೆ, ಹಾಳಾಗಿ ಹೋಗಲಿ, ಹಳೇ ಕರ್ನೆಲಿಂದರ ಎಬ್ಬಿಸೇ, ಅದು ಇರ್ತತಲ್ಲ ಎನ್ನುತ್ತಾಳೆ, ಹಳೆಯದು ಇಲ್ಲ, ಜಾಗ ಸಾಲದೆ ಮಧ್ಯಾಹ್ನ ನಾನೇ ಅಳಿಸಿದೆ, ನೀನು ಅಳಿಸುತ್ತಿರುವುದು ಈಗ ಓಡುತ್ತಿರುವ ಕರ್ನೆಲನ್ನೇ, ಮುಂದುವರಿಯಲೇ ಎಂದು ಯಂತ್ರ ದೊಡ್ಡ ಪೆಟ್ಟಿಗೆ ಬರೆದು ಕೇಳಿತ್ತು, ಓದದೆ ಹೂಂ ಎಂದು ಒತ್ತಿದ್ದೆ. ಅಯ್ಯ ನಿನ್ನ, ಎನ್ನುತ್ತಾಳೆ ವಿಜಿ, ಮಶಿನ್ ಕೇಳಿದ್ರೂ ಹೂಂ, ಮನುಷ್ಯಾ ಕೇಳಿದ್ರೂ ಹೂಂ. ಯಾವ ಮನುಷ್ಯಾ? ಆ ತಾತ ಕಣೇ, ಮೇನ್ ತೆಗೆದಾತ. ಆತ ಕೇಳಲೇ ಇಲ್ಲ ವಿಜಿ, ಅದಕ್ಕ ಇಷ್ಟೆಲ್ಲ. ಕೇಳಿಲ್ಲ ಅಂತೀ, ನೀನ ಕಳಿಸಿದ ವಾಯ್ಸ್ ಮೆಸೇಜ್‌ನಾಗ ಕೇಳಾಕತ್ತಾನಲ್ಲೇ, ನಿನ್ನ ಕಿವಿಯಾಗ ಭತ್ತ ತುಂಬೈತೇನು.

ಆ ಮೆಸೇಜು ಹಚ್ಚಿ ಕೇಳುತ್ತೇನೆ, ಮೂವತ್ತೆಂಟು ಸೆಕೆಂಡು. ನನ್ನದೇ ದನಿ, ಅಷ್ಟು ತೆಳ್ಳಗೆ, ಅಷ್ಟು ಸಂಭ್ರಮದಲ್ಲಿ, ಎರಡು ತಿಂಗಳಿಂದ ಬಾಕಿ ಇತ್ತು ನೋಡೇ ವಿಜಿ, ಒಬ್ಬಾಕಿನ ಮಾಡಿ ಒಗದೆ, ಈ ಗಿರಣ್ಯಾಗ ಇದು ಯಾರಿಗೆ ತಿಳೀತತಿ — ಹಿಂದೆ ಗಂಟೆಯ ಸದ್ದು, ಯಾರೋ ಕೆಮ್ಮಿದ್ದು, ಆಮೇಲೆ ಮೆತ್ತಗೆ, ಕಿಟಕಿಯಾಚೆಯಿಂದ, ಅವ್ವಾ ಶಶಮ್ಮ, ಮೇನ್ ತೆಗೀಲೇನು? — ನನ್ನ ಮಾತು ನಿಲ್ಲುವುದಿಲ್ಲ, ತಿಳೀತತಿ ಹೇಳು — ಶಶಮ್ಮ, ತೆಗೀಲೇನವ್ವ? — ಹೂಂ ಹೂಂ, ಎನ್ನುತ್ತೇನೆ, ನೊಣ ಓಡಿಸುವ ಹಾಗೆ, ಮತ್ತೆ ವಿಜಿಗೆ, ಆಮ್ಯಾಲ ಬಳ್ಳಾರಿಗೆ ಬಂದಾಗ ಪಾರ್ಟಿ ಕೊಡು. ಎರಡು ಸಲ ಕೇಳಿದ್ದಾನೆ. ಆತ ಯಾವಾಗ ಕೇಳದೆ ತೆಗೆದಿದ್ದ, ಪ್ರತಿ ಅಮಾವಾಸ್ಯೆ ಬಾಯ್ಲರಿನ ಬಾಗಿಲಿಗೆ ಹೋಗಿ ಕೇಳುತ್ತಾನೆ, ಪಾಲಿಶ್ ಯಂತ್ರದವರನ್ನು ಕೇಳುತ್ತಾನೆ, ಕೂಲರಿನ ಹತ್ತಿರ ಯಾರೂ ಇಲ್ಲದಿದ್ದರೆ ಕೂಲರನ್ನೇ ಕೇಳುತ್ತಾನೆ ಎಂದು ನಾವೇ ನಗುತ್ತಿದ್ದೆವು, ಈಗ ಕಣ್ಣ ಮುಂದೆ ಬರುತ್ತಿದೆ, ಬೇಡವೆಂದರೂ ಬರುತ್ತಿದೆ, ಕಿಟಕಿಯ ಸರಳಿನಾಚೆ ಮೇನಿನ ಕೆಂಪು ಹಿಡಿ, ಹಿಡಿಯ ಮೇಲೆ ಅರಿಶಿನದ ಕೈ, ಎಳೆಯದೆ ಕಾಯುತ್ತಿರುವ ಕೈ. ಧಣಿ ಕೇಳಿದಾಗ ಯಾಕೆ ಬಾಯಿ ಬಿಡಲಿಲ್ಲ ಮುದುಕ, ಕೇಳೀನಿ ಧಣಿ, ಹೂಂ ಅಂದಾಳ ಅಂತ ಒಂದು ಮಾತು ಅಂದರೆ ನಾಲಿಗೆ ಸವೆಯುತ್ತಿತ್ತೇ, ಎಲ್ಲರ ಮುಂದೆ ನನ್ನನ್ನು ಸುಳ್ಳಿ ಅನ್ನಿಸಬಾರದೆಂಬ ದೊಡ್ಡಸ್ತಿಕೆಯೇ, ಯಾರು ಕೇಳಿದ್ದರು ಈ ಉಪಕಾರ, ಸಿಟ್ಟು ಬರುತ್ತದೆ, ಮೊದಲಿಗಿಂತ ಹೆಚ್ಚು ಬರುತ್ತದೆ, ಆತನ ಮೇಲೆ ಎಂದು ಶುರುವಾಗಿ ಅರ್ಧ ದಾರಿಗೆ ತಿರುಗಿ ನನ್ನ ಮೈಮೇಲೇ ಬರುತ್ತದೆ. ಈಗಲೇ ಎದ್ದು ಹೋಗಿ ಹೇಳಬೇಕು, ಕಟ್ಟೆ ಇಲ್ಲಿಂದ ಮೂವತ್ತು ಹೆಜ್ಜೆ — ಹೇಳಿ ಏನು ಉಪಯೋಗ, ಯಂತ್ರ ಏಳದಿದ್ದರೆ ಧಣಿ ಇಬ್ಬರನ್ನೂ ಬೈಯುತ್ತಾರೆ, ವಿರೂಪಾಕ್ಷಿ ಹಲ್ಲು ಬಿಡುತ್ತಾನೆ, ಮೊದಲು ಇದನ್ನು ಎಬ್ಬಿಸುತ್ತೇನೆ, ಎದ್ದ ಯಂತ್ರ ತೋರಿಸಿ ಹೇಳುತ್ತೇನೆ, ತಲೆ ಎತ್ತಿ ಹೇಳಿದ ಹಾಗಿರುತ್ತದೆ, ಮೊದಲು ಯಂತ್ರ, ಆಮೇಲೆ ತಾತ. ಬೂಟ್ ಮೌಂಟ್, ಸರಿ. ಮುರಿದ ಪ್ಯಾಕೇಜನ್ನು ಮತ್ತೆ ಕೂರಿಸು, ಕೂರುತ್ತಿದೆ, ಶೇಕಡಾ ನಲವತ್ತು, ಅರವತ್ತು, ಹೊರಗೆ ಯಾವುದೋ ಬಸ್ಸಿನ ಹಾರನ್ನು, ಉದ್ದಕ್ಕೆ, ನೋಡಲಿಲ್ಲ, ಗ್ರಬ್ಬನ್ನು ಡಿಸ್ಕಿಗೆ ಬರೆ, ತಪ್ಪಿಲ್ಲ ಎನ್ನುತ್ತದೆ, ನಿನ್ನ ಬಾಯಿಗೆ ಸಕ್ಕರೆ, ಪಟ್ಟಿ ಹೊಸದು ಮಾಡು, ಹೊಸ ಕರ್ನೆಲಿನ ಹೆಸರು ಬಂತು, ಬಂತು ವಿಜಿ, ಪೆನ್‌ಡ್ರೈವ್ ಕೀಳು, ಚಾಲೂ ಮಾಡು.

ಕರಿ ಪರದೆ. ಗೆರೆ ಇಲ್ಲ. ಬಿಳಿ ಸಾಲುಗಳು ಮೇಲಿನಿಂದ ಕೆಳಕ್ಕೆ ಓಡಿದವು, ಹೊರಗೆ ಕೆಂಪು ಅಂಕಿ ಸೊನ್ನೆಗೆ ಬಂದು ನಿಂತಿತು, ಚಿನ್ನಪ್ಪ ಟ್ರ್ಯಾಕ್ಟರನ್ನು ಕಾಟಾದ ಮೇಲೆ ಹತ್ತಿಸಿದ, ಅಂಕಿ ತೂಗಾಡಿ ನಿಂತಿತು, ಏಳು ಸಾವಿರದ ನಾಲ್ಕುನೂರ ಇಪ್ಪತ್ತು, ಹೋ ಉಪಾಸ ಬಿಡ್ತು ನೋಡ್ರಪಾ ಎಂದು ಅವನು, ಧಣಿ ಗಡಿಯಾರ ನೋಡಿ, ಭೇಷ್, ರಾಹು ಹೊಸ್ತಿಲದಾಗ ನಿಂತಾನ, ಒಳಗ ಬಂದಿಲ್ಲ. ನಾನು ಅಂಗಳಕ್ಕೆ ಇಳಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ಧಣಿ, ಎರ್ರೆಪ್ಪ ತಾತ ನನ್ನ ಕೇಳಿದ್ರು, ಎರಡು ಸಲ ಕೇಳಿದ್ರು, ನಾನ ಹೂಂ ಅಂದಿನಿ, ಫೋನ್ಯಾಗ ಐತಿ, ಬೇಕಾರ ಕೇಳ್ರಿ. ಧಣಿ ಭತ್ತದ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದರು, ಈಗ್ಯಾಕವ್ವ ಅದು, ತೂಕ ಬಂತಲ್ಲ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ವಿರೂಪಾಕ್ಷಿ ಕೀಲಿಯ ಗೊಂಚಲನ್ನು ಬೆರಳಿನಲ್ಲಿ ತಿರುಗಿಸುತ್ತ, ಮಶಿನ್ ಏಳಂಗಿಲ್ಲ ನಡಿ ತಾತ ಅಂದೆ, ಕೀಲಿ ಕೊಟ್ಟು ಹೋದ ನೋಡ್ರಿ. ನಂಬರ್ ಕೊಡ್ರಿ ಎಂದೆ, ಧಣಿಯ ಹತ್ತಿರ ಇಲ್ಲ, ವಿರೂಪಾಕ್ಷಿಯ ಹತ್ತಿರ ಇಲ್ಲ, ಇಪ್ಪತ್ತಾರು ವರ್ಷ, ಗಿರಣಿಯಲ್ಲಿ ಯಾರ ಹತ್ತಿರವೂ ಆತನ ನಂಬರಿಲ್ಲ, ದಿನಾ ಬರ್ತಿದ್ದ, ನಂಬರ್ ಯಾಕ ಬೇಕು. ಕಿಟಕಿಯಾಚೆ ಮೇನಿನ ಕೆಂಪು ಹಿಡಿ, ಹಿಡಿಯ ಮೇಲೆ ಕೈ, ಎಳೆಯುವುದಿಲ್ಲ, ಎಳೆಯುವುದಿಲ್ಲ, ಕಾಯುತ್ತದೆ —

ಯಂತ್ರ ಎದ್ದದ್ದು ನಾಲ್ಕು ಇಪ್ಪತ್ತೆಂಟಕ್ಕೆ. ಕುರುಗೋಡು ಬಸ್ಸು ಹೋದದ್ದು ನಾಲ್ಕು ಹತ್ತಕ್ಕೆ.