ಕೇಳದ ಸವಾಲಿಗೆ ಜವಾಬು

ಶಹಾಪುರದ ವೇದಿಕೆಯಲ್ಲಿ ಸುರಪುರದ ಮೇಳ ಎರಡು ಸವಾಲು ಹಾಕಿತ್ತು. ದೋರನಹಳ್ಳಿ ಮೇಳ ಮೂರಕ್ಕೆ ಜವಾಬು ಕೊಟ್ಟಿತು.

ಮೊದಲು ನಕ್ಕವರು ಮುಂದಿನ ಸಾಲಿನ ಹೆಂಗಸರು. ಆಮೇಲೆ ಎಲ್ಲರೂ ನಕ್ಕರು. ದೋರನಹಳ್ಳಿಯ ಮುಖ್ಯ ಹಾಡುಗಾರ ಅರ್ಜುನ ನಾಲಿಗೆ ಕಚ್ಚಿಕೊಂಡ. ಆದರೆ ‘ಉಗುರು’ ಎಂಬ ಉತ್ತರ ಅಷ್ಟರಲ್ಲಿ ಮೈಕಿನಿಂದ ಹೊರಬಿದ್ದಿತ್ತು. “ಬಿತ್ತಲಿಲ್ಲ, ಹರಗಲಿಲ್ಲ, ಕೊಯ್ದಷ್ಟೂ ಬೆಳೀತದ, ರಾಶಿ ಮಾತ್ರ ಇಲ್ಲ, ಏನದು?” ಎಂಬ ಮೂರನೇ ಸವಾಲನ್ನು ಸುರಪುರದವರು ಇನ್ನೂ ಹಾಡಿಯೇ ಇರಲಿಲ್ಲ.

ಸವಾಲ್–ಜವಾಬ್ ಹಾಡಿನಲ್ಲಿ ಒಂದು ಮೇಳ ಒಗಟಿನಂಥ ಪ್ರಶ್ನೆ ಹಾಡುತ್ತದೆ, ಎದುರು ಮೇಳ ನಿಂತಲ್ಲೇ ಪದ ಕಟ್ಟಿ ಉತ್ತರಿಸಬೇಕು. ಅದಕ್ಕಾಗಿ ಹೊಸ ಪದವನ್ನು ಯಾರೂ ಊರೊಳಗೆ ಹಾಡುವುದಿಲ್ಲ. ಸುರಪುರದ ಮೇಳದ ತಾಲೀಮು ನಡೆಯುವುದು ಊರ ಹೊರಗಿನ ತೊಗರಿ ಹೊಲದ ಬದುವಿನಲ್ಲಿ. ಅಲ್ಲಿಯೂ ದಪ್ಪು ಬಾರಿಸುವುದಿಲ್ಲ. ತಾಳಕ್ಕೆ ತೊಡೆ ತಟ್ಟಿಕೊಳ್ಳುತ್ತಾರೆ.

ಐದು ಸವಾಲಿನ ಈ ಪದ ಗೊತ್ತಿದ್ದವರು ಕೆಲವರೇ: ಅದನ್ನು ಕಟ್ಟಿದ ಮೇಳದ ಹಿರಿಯ ಹಣಮಂತ್ರಾಯ, ಅವನ ಇಬ್ಬರು ತಮ್ಮಂದಿರು, ದಪ್ಪು ಬಾರಿಸುವ ಯಾಕೂಬಸಾಬ ಮತ್ತು ದೇವಿಕಾ.

ದೇವಿಕಾ ವಡಗೇರಾದ ಹುಡುಗಿ. ಕಲಬುರಗಿಯಲ್ಲಿ ಎಂ.ಎ. ಮುಗಿಸಿ, ಸುರಪುರದ ‘ಹಾಡುಕಟ್ಟೆ’ ಎಂಬ ಕಲಾಸಂಸ್ಥೆಯಲ್ಲಿ ಇಂಟರ್ನ್‌ಶಿಪ್‌ಗೆ ಸೇರಿದ್ದಳು. ಮೇಳಗಳ ಹಾಡುಗಳನ್ನು ಫೋನಿನಲ್ಲಿ ಮುದ್ರಿಸಿಕೊಂಡು ಬರೆದಿಡುವುದು ಅವಳ ಕೆಲಸ. ಸ್ಪರ್ಧೆ ಮುಗಿಯುವವರೆಗೆ ಯಾರಿಗೂ ಕೇಳಿಸುವುದಿಲ್ಲ ಎಂದು ದಪ್ಪಿನ ಮೇಲೆ ಕೈಯಿಟ್ಟು ಆಣೆ ಮಾಡಿದ ಮೇಲೆಯೇ ಹಣಮಂತ್ರಾಯ ಅವಳೆದುರು ಈ ಪದ ಹಾಡಿದ್ದ.

ಮೇಳ ಶಹಾಪುರದಿಂದ ಟಂಟಂನಲ್ಲಿ ಮರಳಿತು. ಹತ್ತಿಗುಡೂರು ದಾಟಿದ ಮೇಲೆ ಹಣಮಂತ್ರಾಯ ಬಾಯಿ ಬಿಟ್ಟ.

“ಯಾಕೂಬ, ಮಗಳು ಹ್ಯಾಂಗದಾಳ?”

ಯಾಕೂಬಸಾಬನ ಮಗಳು ಮಸ್ತಾನಬಿಯನ್ನು ಕೊಟ್ಟದ್ದು ದೋರನಹಳ್ಳಿಗೆ. ಪ್ರಶ್ನೆ ಎಲ್ಲಿಗೆ ಹೊರಟಿದೆ ಎಂದು ಗಾಡಿಯಲ್ಲಿದ್ದ ಎಲ್ಲರಿಗೂ ತಿಳಿಯಿತು.

“ಆರಾಮದಾಳ. ಯಾಕ?”

“ಹೋದ ವಾರ ಬಂದಿದ್ಳಂತಲ್ಲ.”

“ತವರಿಗಿ ಬರಬಾರದೇನು? ಮುಂದಿನ ಸಲ ನಿನ್ನ ಪರ್ಮಿಶನ್ ಕೇಳಿ ಬಾ ಅಂತೀನಿ ಬಿಡು.”

ಯಾರೂ ನಗಲಿಲ್ಲ.

ಮರುದಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ಮೇಳದವರು ಚಹಾ ಕುಡಿಯುತ್ತಿದ್ದರು. ಯಾಕೂಬಸಾಬ ಬಂದು ಕೂತ ಕೂಡಲೇ ಹಣಮಂತ್ರಾಯನ ತಮ್ಮಂದಿರು ಅರ್ಧ ಕುಡಿದ ಕಪ್ಪು ಇಟ್ಟು ಎದ್ದರು. ವಡಗೇರಾದ ಮುಂದಿನ ಸ್ಪರ್ಧೆಗೆ ಬೇರೆ ದಪ್ಪಿನವನನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಸಂಜೆಯೊಳಗೆ ಹಾಡುಕಟ್ಟೆಗೂ ಬಂತು.

ಸಂಸ್ಥೆ ನಡೆಸುವ ರಾಧಿಕಾ ದೇವಿಕಾಳನ್ನು ಒಳಗೆ ಕರೆದರು.

“ರೆಕಾರ್ಡಿಂಗ್ ಯಾರಿಗಾದರೂ ಕಳಿಸೀಯೇನು?”

“ಇಲ್ರಿ ಮೇಡಂ.”

“ಫೋನ್ ಯಾರ ಕೈಗಾದರೂ ಕೊಟ್ಟೀಯೇನು?”

“ಇಲ್ರಿ.”

“ಹಂಗಾದರ ನೀ ಸುಮ್ಮನಿರು. ಮೇಳದ ಜಗಳ ಮೇಳದಾಗೇ ಇರಲಿ. ಆ ಫೋನಿನ ಮಾತು ಎದ್ದರ ನಾಳಿಂದ ಒಂದು ಮೇಳನೂ ನಮ್ಮ ಮುಂದ ಬಾಯಿ ತೆಗಿಯಂಗಿಲ್ಲ.”

ದೇವಿಕಾ ತಲೆಯಾಡಿಸಿದಳು. ಆದರೆ ರಾಧಿಕಾ ಅಷ್ಟು ಬೇಗ ಮಾತು ಮುಗಿಸಿದ್ದು ಅವಳಿಗೆ ಸರಿ ಕಾಣಲಿಲ್ಲ. ರೆಕಾರ್ಡಿಂಗ್ ಮಾಡಿದ ದಿನ ಫೋನ್ ಇದೇ ಕೋಣೆಯಲ್ಲಿ ಚಾರ್ಜಿಗೆ ಇತ್ತು. ಲಾಕ್ ಹಾಕಿತ್ತೇ? ಹಾಕಿತ್ತು. ದೋರನಹಳ್ಳಿ ಮೇಳದ ಹಾಡನ್ನೂ ಮುದ್ರಿಸಿಕೊಳ್ಳಬೇಕೆಂದು ರಾಧಿಕಾ ತಿಂಗಳಿಂದ ಅರ್ಜುನನ ಹಿಂದೆ ಬಿದ್ದಿದ್ದರು. ಅದಕ್ಕಾಗಿ ಏನನ್ನಾದರೂ ಕೊಟ್ಟಿರಬಹುದೇ? ಹಣಮಂತ್ರಾಯನ ಕಿರಿಯ ತಮ್ಮ ಕುಡಿದರೆ ಹಾಡುತ್ತಾನೆ ಎಂದು ಊರೇ ಹೇಳುತ್ತದೆ. ಅವನ ಹೆಸರನ್ನು ಯಾರೂ ಎತ್ತಲಿಲ್ಲ ಏಕೆ? ಬಸ್ಸಿನಲ್ಲಿ ವಡಗೇರಾ ಮುಟ್ಟುವವರೆಗೆ ದೇವಿಕಾ ಒಬ್ಬೊಬ್ಬರನ್ನೇ ನಿಲ್ಲಿಸಿ ಪರೀಕ್ಷಿಸಿದಳು. ಎಲ್ಲರ ಮೇಲೂ ಸ್ವಲ್ಪ ಸ್ವಲ್ಪ ಅನುಮಾನ ಕೂರುತ್ತಿತ್ತು, ಯಾರ ಮೇಲೂ ಪೂರ್ತಿ ನಿಲ್ಲುತ್ತಿರಲಿಲ್ಲ.

ಮನೆಯಲ್ಲಿ ತಾಯಿ ಮೌನಮ್ಮ ರೊಟ್ಟಿ ಬಡಿಯುತ್ತಿದ್ದಳು. ದೇವಿಕಾ ಕೈಕಾಲು ತೊಳೆದು ಒಳಗೆ ಬಂದಾಗ ರೊಟ್ಟಿಯ ಸಪ್ಪಳದ ಜೊತೆ ಸಣ್ಣ ದನಿಯೂ ಕೇಳಿಸಿತು.

“ಎತ್ತಿಲ್ಲ, ಬಂಡಿಲ್ಲ, ರಾಶಿ ಹೊತ್ತು ಒಯ್ದಾಳ, ಹೊಲ ಇಲ್ಲದಾಕಿ, ಹೇಳೋ ಜಾಣಾ…”

ಅದು ಐದನೇ ಸವಾಲು. ಶಹಾಪುರದ ವೇದಿಕೆಯಲ್ಲಿ ಯಾರೂ ಹಾಡದೆ ಉಳಿದದ್ದು.

“ಯವ್ವಾ, ಇದು ನಿನಗ ಹ್ಯಾಂಗ ಗೊತ್ತು?”

“ಹ್ಯಾಂಗಂದ್ರ? ಆಯ್ತವಾರ ದಿನಪೂರ್ತಿ ನೀನೇ ಹಚ್ಚಿದ್ದೆಲ್ಲವಾ. ಒಂದು ಸಾಲು ಹಚ್ಚಾಕಿ, ಬರ್ಯಾಕಿ, ಮತ್ತ ಅದನ್ನೇ ಹಚ್ಚಾಕಿ. ಕಿವಿ ಮುಚ್ಚಿಕೊಂಡು ರೊಟ್ಟಿ ಬಡೀಲೇನು?”

“ಮಾವಗ ಹೇಳಿಯೇನು?”

ಮೌನಮ್ಮನ ಕೈ ನಿಂತಿತು. ದೋರನಹಳ್ಳಿಯ ಅರ್ಜುನ ಅವಳ ಒಡಹುಟ್ಟಿದ ಅಣ್ಣ. ಸುರಪುರದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

“ಫೋನ್ ಮಾಡಿದ್ದ. ‘ತಂಗೀ, ಅಪ್ಪನ ಪದ ಎಲ್ಲಾ ಮರತಿಯೇನು’ ಅಂದ. ಮರತಿಲ್ಲೋ, ಹೊಸಾವೂ ಬರ್ತಾವ ಅಂತ ಹಾಡಿದೆ. ಜವಾಬೂ ನಾನೇ ಹೇಳಿದೆ, ಒಂದೂ ತಪ್ಪಿಲ್ಲ.” ಕೊನೆಯ ಮಾತಿನಲ್ಲಿ ಸ್ವಲ್ಪ ಹೆಮ್ಮೆ ಇತ್ತು. ಮಗಳ ಮುಖ ನೋಡಿ ಅದು ಇಳಿಯಿತು. “ಯಾಕ, ಏನಾತು?”

ಆ ಭಾನುವಾರ ದೇವಿಕಾ ಕದ ಹಾಕಿಕೊಂಡು ಕೂತು ಬರೆದಿದ್ದಳು. ಮನೆಯಲ್ಲಿ ತಾಯಿ ಬಿಟ್ಟರೆ ಯಾರೂ ಇರಲಿಲ್ಲ, ಆದ್ದರಿಂದ ಇಯರ್‌ಫೋನ್ ಬೇಕೆನಿಸಿರಲಿಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷದ ಮೇಲೂ ತಾಯಿ ದೋರನಹಳ್ಳಿ ಮೇಳದ ಮನೆಮಗಳು ಎಂಬುದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ.

ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಯಾಕೂಬಸಾಬ ಮೇಳದಿಂದ ಹೊರಗೆ ಬೀಳುತ್ತಿದ್ದ.

ಮರುದಿನ ಅವಳು ಹಾಡುಕಟ್ಟೆಗೆ ಹೋಗದೆ ನೇರ ತೊಗರಿ ಹೊಲಕ್ಕೆ ಹೋದಳು. ಯಾಕೂಬಸಾಬ ಅಲ್ಲಿನ ಗುಡಿಸಲಿನಲ್ಲಿ ಇಟ್ಟಿದ್ದ ತನ್ನ ದಪ್ಪು ತೆಗೆದುಕೊಂಡು ಹೋಗಲು ಬಂದಿದ್ದ. ಹಣಮಂತ್ರಾಯ ಬದುವಿನ ಮೇಲೆ ಕೂತಿದ್ದ. ದೇವಿಕಾ ಇಬ್ಬರೆದುರೂ ನಡೆದದ್ದನ್ನು ಹೇಳಿದಳು. ಹಣಮಂತ್ರಾಯ ಕೇಳಿ ಮುಗಿಸಿ ಯಾಕೂಬಸಾಬನ ಕಡೆ ನೋಡಿದ.

“ಚಂದ ಕಲಿಸೀ ಹುಡುಗಿಗಿ.”

“ಏ, ನಾನ್ಯಾಕ ಕಲಿಸ್ಲಿ? ಆಕಿ ಕೂಡ ಮಾತಾಡಿ ಎಷ್ಟ ದಿನಾತು!”

“ಕಾಕಾ, ಖರೇನ ಹೇಳಾಕತ್ತೀನಿ,” ಎಂದಳು ದೇವಿಕಾ.

“ಖರೇ ಯಾರು, ಸುಳ್ಳು ಯಾರು, ನನಗ ಹ್ಯಾಂಗ ತಿಳೀಬೇಕು? ಯಾಕೂಬನ ಮ್ಯಾಲ ನಿನಗ ಕನಿಕರ ಅದ. ನಿಮ್ಮವ್ವ ರೊಟ್ಟಿ ಬಡಕೋತ ಕೇಳಿ ಐದೂ ಸವಾಲು ಕಲಿತಾಳ ಅಂದರ ನಂಬಾಕ ನಾ ಏನು ಹುಚ್ಚ ಅದೀನೇನು?”

ದೇವಿಕಾ ತಾಯಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

“ಯವ್ವಾ, ಆ ಐದನೇ ಸವಾಲು ಹಾಡು.”

ಮೌನಮ್ಮ ಕೇಳಿದಳು: “ಬಾಜೂಕ ಯಾರದಾರ?”

ಸುಳ್ಳು ಹೇಳಿದ್ದರೆ ಮೌನಮ್ಮ ತಕ್ಷಣ ಹಾಡುತ್ತಿದ್ದಳು. ದೇವಿಕಾ ಹೇಳಿದಳು: “ಸುರಪುರ ಮೇಳದವರು ಅದಾರ. ಹಣಮಂತ್ರಾಯ ಕಾಕಾ, ಯಾಕೂಬ ಚಾಚಾ.”

ಫೋನ್ ಇಟ್ಟಳು ಎಂದೇ ದೇವಿಕಾ ಅಂದುಕೊಂಡಳು. ಆಗ ಮೌನಮ್ಮ ಒಮ್ಮೆ ಕೆಮ್ಮಿ ಹಾಡಲು ಶುರು ಮಾಡಿದಳು. ಮೊದಲ ಸವಾಲಿನಿಂದಲೇ ಹಿಡಿದಳು. ಹಣಮಂತ್ರಾಯ ಎರಡನೇ ಸವಾಲಿಗೆ ತಲೆ ಎತ್ತಿದ, ನಾಲ್ಕನೆಯದಕ್ಕೆ ಮತ್ತೆ ತಗ್ಗಿಸಿದ. ರೆಕಾರ್ಡಿಂಗಿನಲ್ಲಿ ಅವನು ಉಸಿರು ಸಾಲದೆ ಎಳೆದ ಜಾಗದಲ್ಲಿ ಅವಳೂ ಹಾಗೆಯೇ ಎಳೆದಳು.

“ಸಾಕವ್ವಾ,” ಎಂದ ಹಣಮಂತ್ರಾಯ.

“ತಪ್ಪಾತ್ರಿ ಅಣ್ಣಾ. ಯಾರ ಮುಂದ ಹಾಡಿದೆ ಅನ್ನೂದು ತಿಳೀಲಿಲ್ಲ. ನಮ್ಮಣ್ಣ ಅಂತ ಹಾಡಿದೆ,” ಎಂದಳು ಮೌನಮ್ಮ.

ಫೋನ್ ಇಟ್ಟ ಮೇಲೆ ಹಣಮಂತ್ರಾಯ ದೇವಿಕಾಳಿಗೆ ಹೇಳಿದ: “ಇನ್ನ ತಾಲೀಮಿಗೆ ಬರಬ್ಯಾಡ. ಪದ ಬೇಕಾದರ ವಡಗೇರಾದಾಗ ಮಂದ್ಯಾಗ ಕೂತು ಕೇಳು.” ಸಿಟ್ಟಿರಲಿಲ್ಲ. ತೀರ್ಮಾನ ಇತ್ತು. ದೇವಿಕಾ “ಹೂಂ ಕಾಕಾ” ಎಂದಳು. ರಾಧಿಕಾಗೆ ಏನು ಹೇಳುವುದೆಂದು ಇನ್ನೂ ತಿಳಿದಿರಲಿಲ್ಲ.

ಹಣಮಂತ್ರಾಯ ಯಾಕೂಬಸಾಬನ ಕಡೆ ತಿರುಗಿದ. “ಕೂಡು. ಹೊಸಾ ಪದ ಕಟ್ಟಬೇಕು.”

ಯಾಕೂಬಸಾಬ ಕೂರಲಿಲ್ಲ. ದಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದ.

“ಈ ಹುಡುಗಿ ತನ್ನ ಅವ್ವಗ ಫೋನ್ ಹಚ್ಚಿದ್ಳು. ನೀ ನನ್ನ ಮಗಳಿಗಿ ಹಚ್ಚು. ನನಗ ಅಂದಿದ್ದು ಬಿಡು. ಆಕಿ ಅತ್ತಿಮನಿ ತನಕ ಮಾತು ಹೋಗ್ಯದ, ಮಸ್ತಾನಬಿ ಪದ ಕದ್ದು ತಂದಾಳಂತ.”

ಹಣಮಂತ್ರಾಯ ತಮ್ಮಂದಿರ ದಾರಿ ನೋಡುವವನಂತೆ ಊರ ಕಡೆ ನೋಡಿದ. ಯಾರೂ ಬರುತ್ತಿರಲಿಲ್ಲ. ಕಿಸೆಯಿಂದ ಫೋನ್ ತೆಗೆದ.

“ನಂಬರ ಹೇಳು,” ಎಂದ.