ಚಂದ್ರಿಯನ್ನು ಕೊಟ್ಟ ಮನೆ

ಸಾವಕ್ಕನ ಗಿಣಿ ಚಂದ್ರಿಗೆ ಒಂದು ಮಾತೂ ಬರುತ್ತಿರಲಿಲ್ಲ. ಆದರೆ ಇಚಲಕರಂಜಿಯ ಒಂದಿಡೀ ಮಗ್ಗದ ಶೆಡ್ಡನ್ನು ನಿಲ್ಲಿಸುವ ವಿದ್ಯೆ ಗೊತ್ತಿತ್ತು. ಶೆಡ್ಡಿಗೆ ಅಂಟಿದ ಖೋಲಿಯಲ್ಲಿ ಬೆಳೆದ ಹಕ್ಕಿ ಅದು. ಪಾಳಿ ಮುಗಿದಾಗ ಮುಕಾದಮ ಊದುವ ಸೀಟಿಯನ್ನು ಹಾಗೇ ಕಲಿತು, ಮನಸ್ಸು ಬಂದಾಗೆಲ್ಲ ಊದುತ್ತಿತ್ತು. ನೇಕಾರರೇನು ಕಡಿಮೆಯೇ? ಸುಳ್ಳು ಸೀಟಿ ಎಂದು ಗೊತ್ತಿದ್ದೂ ಮಗ್ಗ ನಿಲ್ಲಿಸಿ ರೊಟ್ಟಿಗಂಟು ಬಿಚ್ಚುತ್ತಿದ್ದರು. ಕೊನೆಗೆ ಮಾಲೀಕ ಸಾವಕ್ಕನ ಗಂಡ ರಾಯಪ್ಪನನ್ನು ಕರೆದು, ಖೋಲಿಯಲ್ಲಿ ಹಕ್ಕಿ ಇರಬೇಕು, ಇಲ್ಲವೇ ನೀವಿರಬೇಕು ಎಂದುಬಿಟ್ಟ.

ಮಕ್ಕಳಿಲ್ಲದ ಸಾವಕ್ಕ ಅದನ್ನು ಮರಿಯಿದ್ದಾಗಿನಿಂದ ತುತ್ತಿಟ್ಟು ಸಾಕಿದ್ದಳು. ಹಾರಬಿಟ್ಟರೆ ಕಾಗೆಗಳ ಪಾಲು. ಕಂಡವರಿಗೆ ಕೊಟ್ಟರೆ ಉಪವಾಸ ಬಿದ್ದು ಸಾಯುತ್ತದೆಂಬ ಭಯ. ಗಡಹಿಂಗ್ಲಜದ ಮುಕ್ತಾಬಾಯಿ ಎಂಬ ಮುದುಕಿ ಇಂಥ ಗಿಣಿಗಳನ್ನು ಇಟ್ಟುಕೊಳ್ಳುತ್ತಾಳೆಂದು ಕೇಳಿ, ಪಂಜರಕ್ಕೆ ಹಳೇ ಸೀರೆ ಹೊದಿಸಿ ಎಸ್.ಟಿ. ಬಸ್ಸು ಹತ್ತಿದಳು.

ಮುಕ್ತಾಬಾಯಿ ಗಿಣಿಯನ್ನು ನೋಡುವ ಮೊದಲು ಸಾವಕ್ಕನನ್ನು ನೋಡಿದಳು.

"ಇರಾಕ ಬಂದೀಯೋ, ಒಗದು ಹೋಗಾಕ ಬಂದೀಯೋ? ಪೋರೀಲಾ ಏಕಟೀ ಧಾಡತ ನಾಹೀತ, ಹುಡುಗೀನ ಒಬ್ಬಾಕೀನ ಕಳಸೂದಿಲ್ಲ. ಹೊಸ ಮದಲಗಿತ್ತಿ ಜೋಡಿ ಪಾಠರಾಖೀಣ ಅಂತ ಒಬ್ಬಾಕಿ ಬಂದು ನಾಕ ದಿನ ಇರ್ತಾಳಿಲ್ಲ? ಹಂಗ ನೀನೂ ಇರು. ನನ್ನ ಕೈಯಾಗ ತಿಂದ ದಿವಸ ಹೋಗು."

ಪಡಸಾಲೆಯ ತುಂಬ ಪಂಜರಗಳು. ವರ್ಗವಾಗಿ ಹೋದವರ ಗಿಣಿ, ತೀರಿಕೊಂಡವರ ಗಿಣಿ. ಕೊಲ್ಹಾಪುರದಿಂದ ಬಂದದ್ದೊಂದು ಹಾಡು ಕೇಳದೆ ಕಾಳು ಮುಟ್ಟುತ್ತಿರಲಿಲ್ಲ. ಒಡಕು ಗಂಟಲಿನ ಮುದುಕಿ ನಾಚಿಕೆಯಿಲ್ಲದೆ ಅದಕ್ಕೆ ಹಾಡುತ್ತಿದ್ದಳು. ಎಲ್ಲಕ್ಕೂ ಉಣಿಸಿದ ಮೇಲೆಯೇ ತಾನು ಉಣ್ಣುತ್ತಿದ್ದಳು. ಹೆತ್ತವರಿಗೂ ಇಷ್ಟು ತಾಳ್ಮೆ ಇರುವುದಿಲ್ಲ ಎನಿಸಿತು ಸಾವಕ್ಕನಿಗೆ.

ಚಂದ್ರಿ ಮಾತ್ರ ಮುದುಕಿಯ ಕೈ ಕಂಡರೆ ಮುಖ ತಿರುಗಿಸುತ್ತಿತ್ತು. ನಿಜ ಹೇಳಬೇಕೆಂದರೆ ಸಾವಕ್ಕನಿಗೆ ಒಳಗೊಳಗೇ ಖುಷಿ. ಮುದುಕಿ ಹೊಳೆಗೆ ಹೋದಾಗ ಸೆರಗಿನ ಮರೆಯಲ್ಲಿ ಶೇಂಗಾ ತಿನ್ನಿಸುತ್ತಿದ್ದಳು. ಮುಕ್ತಾಬಾಯಿ ಬಂದು ಪಂಜರದ ಕೆಳಗಿನ ಸಿಪ್ಪೆ ಗುಡಿಸುತ್ತಿದ್ದಳು, ಅಷ್ಟೇ. ಬೈದಿದ್ದರೆ ಸಾವಕ್ಕ ತಿರುಗಿ ಬೈಯುತ್ತಿದ್ದಳೋ ಏನೋ. ಆ ಪೊರಕೆಯ ಸದ್ದೇ ಅವಳನ್ನು ಚುಚ್ಚಿತು. ತಾನು ಹೀಗೇ ಮಾಡಿದರೆ, ತಾನು ಹೋದ ಮರುದಿನವೇ ಚಂದ್ರಿ ಹಸಿದು ಸಾಯುತ್ತದೆ.

ಮರುದಿನ ಬೆಳಗ್ಗೆ ಅವಳು ಪಂಜರದ ಬಾಗಿಲು ತೆಗೆದು, ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಚಂದ್ರಿ ಹೊರಬಂದು ಅವಳ ಸೀರೆ ಕಚ್ಚಿ ಎಳೆಯಿತು, ಭುಜ ಹತ್ತಿ ಕಿವಿ ಕಚ್ಚಿತು. ಸಾವಕ್ಕ ಕೈ ತೆಗೆಯಲಿಲ್ಲ. ಹೊತ್ತು ನೆತ್ತಿಗೇರಿದಾಗ ಹಕ್ಕಿ ಅವಳನ್ನು ಬಿಟ್ಟು, ಒಂದೊಂದೇ ಹೆಜ್ಜೆಯಿಟ್ಟು ಹೋಗಿ, ಮುದುಕಿ ಹಿಡಿದಿದ್ದ ಹಸಿಮೆಣಸಿನಕಾಯಿ ಕಡಿಯಿತು. ಸಾವಕ್ಕ ಗೋಡೆಗೆ ಮುಖ ಮಾಡಿ ಅತ್ತಳು. ಮುಕ್ತಾಬಾಯಿ ಸೋತ ತೋಳನ್ನು ಹಕ್ಕಿ ತಿಂದು ಮುಗಿಸುವ ತನಕ ಇಳಿಸಲಿಲ್ಲ.

ಅಂದೇ ಸಂಜೆ ಹೊರಡುವಾಗ ಮುಕ್ತಾಬಾಯಿ ಚಹಾ ತಂದಿಟ್ಟಳು. ಸಾವಕ್ಕ ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದಳು.

"ಮಗಳನ್ನ ಕೊಟ್ಟ ಮನ್ಯಾಗ ನೀರೂ ಮುಟ್ಟಬಾರದ್ರಿ."

"ಇಷ್ಟ ದಿನಾ ಕುಡದೀಯಲ್ಲ?"

"ನಿನ್ನಿ ತನಾ ನಾ ಕೊಟ್ಟಿದ್ದಿಲ್ಲರಿ."